ಹಳೆಯ ಚರ್ಮದ ಜಾಕೆಟ್ಟಿನ ಮುಗ್ಗಲು ವಾಸನೆ

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಚರ್ಮದ ಜಾಕೆಟ್ ಕೊಂಡೆ. ಎಷ್ಟು ಸೆಂಟು ಹೊಡೆದರೂ ಮುಗ್ಗಲು ವಾಸನೆ ಹೋಗುತ್ತಿಲ್ಲ. ಏನು ಮಾಡಲಿ? (ಎಚ್.ಡಿ. ಕೋಟೆ)

ಉತ್ತರ: ಸೆಂಟು ಸೋತದ್ದರಲ್ಲೇ ಉತ್ತರವಿದೆ. ಅದು ಕೊಳೆಯ ವಾಸನೆಯಲ್ಲ, ಬೂಷ್ಟಿನದು. ಬೂಷ್ಟಿಗೆ ಬೇಕಾದ್ದು ತೇವ. ಕಬಿನಿ ಸೀಮೆಯ ಆಷಾಢದಲ್ಲಿ ಅದಕ್ಕೇನು ಬರ? ಹಾಗಾಗಿ ವಾಸನೆ ಮುಚ್ಚುವುದಲ್ಲ, ತೇವ ತೆಗೆಯುವುದೇ ಮದ್ದು. ಜಾಕೆಟ್ಟಿನ ಒಳಮಗ್ಗುಲು ತಿರುವಿ, ಜೇಬಿನ ಮೂಲೆ ಮೂಸಿ ನೋಡಿ. ಹೆಚ್ಚಾಗಿ ಕಳ್ಳ ಅಡಗಿರುವುದು ಅಸ್ತರಿನ ಬಟ್ಟೆಯಲ್ಲಿ. ಬಿಳಿ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಗಟ್ಟಿಯಾಗಿ ಹಿಂಡಿ ಒರೆಸಿ. ಮೊದಲು ಕಾಲರಿನ ಅಡಿ ಒರೆಸಿ ಬಣ್ಣ ಬಿಡುತ್ತದೆಯೇ ನೋಡಿ. ವಿನಿಗರ್ ನಾರುವುದಿಲ್ಲವೇ ಎಂದರೆ, ನಾರುತ್ತದೆ, ಆದರೆ ಆರಿದಂತೆ ಹಾರಿಹೋಗುತ್ತದೆ. ಆಮೇಲೆ ಅಡುಗೆ ಸೋಡಾದ ಗಂಟು ಕಟ್ಟಿ ಜೇಬಿಗಿಟ್ಟು, ಗಾಳಿಯಾಡುವ ನೆರಳಲ್ಲಿ ವಾರ ತೂಗುಹಾಕಿ.

ಬಿಸಿಲಿಗೇ ಒಡ್ಡಬಾರದೇ ಎನ್ನಬಹುದು. ಬಿಸಿಲು ಬೂಷ್ಟನ್ನು ಕೊಲ್ಲುತ್ತದೆ ನಿಜ, ಜೊತೆಗೆ ಚರ್ಮದ ಎಣ್ಣೆಯನ್ನೂ ಹೀರಿ ಬಿರುಕು ಬಿಡಿಸುತ್ತದೆ. (ಹುಣಸೂರು, ಪಿರಿಯಾಪಟ್ಟಣದವರು ಹೊಗೆಸೊಪ್ಪು ಒಣಗಿಸುವ ಬಿಸಿ ಬ್ಯಾರನ್ನಿನಲ್ಲೂ ಜಾಕೆಟ್ ತೂಗುಹಾಕಲು ಹೋಗದಿರಲಿ.) ಚರ್ಮದ ಗುಣ ಹುಣಸೂರಿಗೆ ಹೊಸದಲ್ಲ: 1864ರವರೆಗೆ ಅಲ್ಲಿ ಸೇನೆಗಾಗಿ ಚರ್ಮ ಹದಮಾಡುವ ಕಾರ್ಖಾನೆಯಿತ್ತು. ನುಸಿಗುಳಿಗೆ ವಾಸನೆಯ ಮೇಲೆ ಇನ್ನೊಂದು ವಾಸನೆ ಹೇರುತ್ತದೆ, ಅಷ್ಟೆ. ಇಷ್ಟಾಗಿಯೂ ಹೋಗದಿದ್ದರೆ ಟೈಲರ್ ಹತ್ತಿರ ಅಸ್ತರು ಬದಲಿಸಿ. ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರ ಮತ್ತೆ ಇಡಬೇಡಿ.