ಬೇತೇಲ್: ಮನೆ ಬಿಟ್ಟವನಿಗೆ ದೊರೆತ ದೇವರ ಮನೆ

ಮೂಡಲಗಿ, ಗೋಕಾಕ, ಹುಕ್ಕೇರಿ ಸೀಮೆಯಲ್ಲಿ ಯಾರನ್ನಾದರೂ 'ದೇವರ ಮನೆ ಎಲ್ಲಿ?' ಎಂದು ಕೇಳಿದರೆ ಅಡುಗೆಮನೆಯ ಪಕ್ಕದ ಕೋಣೆಯನ್ನೋ, ಗೋಡೆಯ ಬದಿಯ ಜಗಲಿಯನ್ನೋ ತೋರಿಸುವರು. ಕನ್ನಡದಲ್ಲಿ ದೇವರ ಮನೆಯೆಂದರೆ ನಮ್ಮ ಮನೆಯೊಳಗಿನ ಒಂದು ಭಾಗ. ನಮ್ಮ ಎಷ್ಟೋ ಪ್ರಾರ್ಥನಾಲಯಗಳ ಬಾಗಿಲ ಮೇಲೆ ಬರೆಯಲಾಗಿರುವ 'ಬೇತೇಲ್' ಎಂಬ ಇಬ್ರಿಯ ಹೆಸರಿನ ಅರ್ಥವೂ ದೇವರ ಮನೆಯೇ. ಆದರೆ ಆ ಹೆಸರು ಹುಟ್ಟಿದ್ದು ಮನೆಯೊಳಗಲ್ಲ, ಮನೆ ಬಿಟ್ಟು ಓಡಿದವನೊಬ್ಬನ ದಾರಿಯಲ್ಲಿ.

'ಬೇತ್' ಎಂದರೆ ಮನೆ. ರೊಟ್ಟಿಯ ಮನೆಯಾದ ಬೇತ್ಲೆಹೇಮಿನಲ್ಲಿ ಇರುವುದೂ ಇದೇ ಪದ. 'ಏಲ್' ಎಂದರೆ ದೇವರು. ನಮ್ಮ 'ದೇಗುಲ'ವೂ ಸಂಸ್ಕೃತದ 'ದೇವಕುಲ'ದಿಂದ, ಅಂದರೆ ದೇವರ ಮನೆ ಎಂಬ ಅರ್ಥದಿಂದಲೇ ಬಂದುದು. ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಬಳ್ಳಾರಿಯಲ್ಲಿ ಸತ್ಯವೇದವನ್ನು ಕನ್ನಡಕ್ಕೆ ತಂದ ಕಾಲದಿಂದಲೂ ಓದುಗರ ಬಳಕೆಯಲ್ಲಿ ಈ ಹೆಸರು ಇಬ್ರಿಯದ ಹೆಸರಾಗಿಯೇ ಉಳಿದಿದೆ. ಇದು ಒಳ್ಳೆಯದೇ ಆಯಿತೆಂದು ನಮ್ಮ ಅಭಿಪ್ರಾಯ. 'ದೇವರ ಮನೆ' ಎಂದು ಅನುವಾದಿಸಿದ್ದರೆ ಕನ್ನಡದ ಕಿವಿ ಆ ಮಾತನ್ನು ತನ್ನ ಒಳಕೋಣೆಗೆ ಕರೆದೊಯ್ಯುತ್ತಿತ್ತು.

ಆದಿಕಾಂಡದ 28ನೆಯ ಅಧ್ಯಾಯದಲ್ಲಿ ಯಾಕೋಬನು ಬೇರ್ಷೆಬದಿಂದ ಖಾರಾನಿಗೆ ಹೊರಟಿದ್ದಾನೆ. ಅವನು ಯಾತ್ರಿಕನಲ್ಲ. ಅಣ್ಣನಿಗೆ ಸಲ್ಲಬೇಕಾದ ಆಶೀರ್ವಾದವನ್ನು ಮೋಸದಿಂದ ಪಡೆದು ಅವನ ಸಿಟ್ಟಿಗೆ ಹೆದರಿ ಓಡುತ್ತಿರುವವನು. ಹೊತ್ತು ಮುಳುಗಿದ್ದರಿಂದ ಮಲಗಿದನೇ ಹೊರತು ಅಲ್ಲಿ ದೇವರನ್ನು ಹುಡುಕಲಿಲ್ಲ. ಮೂಲದ 11ನೆಯ ವಚನವೊಂದರಲ್ಲೇ 'ಮಾಕೋಮ್', ಅಂದರೆ ಸ್ಥಳ, ಎಂಬ ಪದ ಮೂರು ಸಲ ಬರುತ್ತದೆ. ಸ್ಥಳದ ಹೆಸರು ಮಾತ್ರ ಬರುವುದಿಲ್ಲ. ಅಲ್ಲಿಯ ಊರಿಗೆ ಲೂಜ್ ಎಂಬ ಹೆಸರಿತ್ತೆಂದು ತಿಳಿಯುವುದು 19ನೆಯ ವಚನದಲ್ಲಿ. ನಮ್ಮ ಕಡೆ ಕುರಿ ಹಿಂಡಿನೊಡನೆ ಊರೂರು ಅಲೆದು ಕಂಡವರ ಹೊಲದಲ್ಲಿ ರಾತ್ರಿ ಕಳೆಯುವವರಿಗೆ, ಕಬ್ಬು ಕಡಿಯಲು ಬಂದು ಗದ್ದೆಯಂಚಿನ ಗುಡಿಸಲಲ್ಲಿ ತಂಗುವವರಿಗೆ, ಹೆಸರಿಲ್ಲದ ಆ 'ಸ್ಥಳ'ವನ್ನು ವಿವರಿಸಿ ಹೇಳಬೇಕಾಗಿಲ್ಲ.

ಬೆಳಗ್ಗೆ ಯಾಕೋಬನು ತಲೆದಿಂಬಾಗಿದ್ದ ಕಲ್ಲನ್ನು ನಿಲ್ಲಿಸಿ ಎಣ್ಣೆ ಹೊಯ್ಯುತ್ತಾನೆ. (ಕಲ್ಲಿಗೆ ಎಣ್ಣೆ ಎರೆಯುವುದನ್ನು ಊರಿನಲ್ಲಿ ದಿನವೂ ಕಾಣುವ ನಮ್ಮ ಸಭೆಯವರು ಈ ವಚನವನ್ನು ತುಸು ಅಳುಕಿನಿಂದ ಓದುವುದುಂಟು. ಅಳುಕು ಅಕಾರಣವಲ್ಲ; ಧರ್ಮೋಪದೇಶಕಾಂಡ 16ನೆಯ ಅಧ್ಯಾಯ ಇಂಥ ಕಂಬಗಳನ್ನು ನಿಷೇಧಿಸುತ್ತದೆ.) ಆದರೆ ಕಲ್ಲು ದೇವರನ್ನು ಅಲ್ಲಿಗೆ ಕರೆತರಲಿಲ್ಲ. ದೇವರು ಅಲ್ಲಿದ್ದನೆಂಬುದು ತನಗೆ ತಿಳಿಯದೆ ಹೋಗಿತ್ತೆಂದು ಒಪ್ಪಿಕೊಂಡ ಮೇಲೆಯೇ ಯಾಕೋಬನು ಕಲ್ಲನ್ನು ನಿಲ್ಲಿಸಿದ್ದು. ವಾಗ್ದಾನವೂ ಸ್ಥಳಕ್ಕೆ ಕಟ್ಟುಬಿದ್ದಿಲ್ಲ: ಅವನು ಹೋದಲ್ಲೆಲ್ಲ ದೇವರು ಜೊತೆಗಿದ್ದು ಕಾಪಾಡಿ ಹಿಂದಕ್ಕೆ ಕರೆತರುವನು.

ಮುಂದೆ ಇಸ್ರಾಯೇಲ್ಯರು ಈ ಕ್ರಮವನ್ನು ತಲೆಕೆಳಗು ಮಾಡಿದರು. ರಾಜ್ಯವು ಒಡೆದಾಗ ಯಾರೊಬ್ಬಾಮನು ತನ್ನ ಜನ ಯೆರೂಸಲೇಮಿಗೆ ಹೋಗದಂತೆ ಬೇತೇಲಿನಲ್ಲೂ ದಾನಿನಲ್ಲೂ ಚಿನ್ನದ ಕರುಗಳನ್ನು ನಿಲ್ಲಿಸಿದನು. ಓಡಿಹೋಗುವವನಿಗೆ ಆಶ್ರಯವಾಗಿದ್ದ ಸ್ಥಳ ಜನರನ್ನು ಹಿಡಿದಿಡುವ ಸಾಧನವಾಯಿತು. ಸುಮಾರು ಎರಡು ಶತಮಾನಗಳ ತರುವಾಯ ತೆಕೋವದ ಕುರುಬ ಆಮೋಸನು ಅಲ್ಲಿ ಪ್ರವಾದಿಸಿದಾಗ ಯಾಜಕನಾದ ಅಮಚ್ಯನು ಅವನನ್ನು ಹೊರಟುಹೋಗೆಂದು ಗದರಿಸಿದನು. ಅದು ಅರಸನ ಪವಿತ್ರಾಲಯ, ರಾಜ್ಯದ ಮನೆ ಎಂಬುದು ಅವನು ಕೊಟ್ಟ ಕಾರಣ. ಮೂಲದಲ್ಲಿ ಇಲ್ಲಿಯೂ 'ಬೇತ್' ಎಂಬ ಪದವೇ ಇದೆ. ಅದರ ಜೊತೆಗಿದ್ದ 'ಏಲ್' ಮಾತ್ರ ಇಲ್ಲ. ದೇವರ ಮನೆ ರಾಜ್ಯದ ಮನೆಯಾಗಿಹೋದುದನ್ನು ಯಾಜಕನೇ ತನ್ನ ಬಾಯಿಂದ ಒಪ್ಪಿಕೊಂಡಂತಾಯಿತು. ಹೋಶೇಯನು ಆ ಊರನ್ನು ಬೇತಾವೆನ್, ಅಂದರೆ ಕೇಡಿನ ಮನೆ, ಎಂದು ಕರೆದನು. ಕಡೆಗೆ ಯೋಷೀಯನು ಅಲ್ಲಿಯ ಯಜ್ಞವೇದಿಯನ್ನು ಕೆಡವಿಸಿದನು. ಯೆರೂಸಲೇಮಿನ ಉತ್ತರಕ್ಕಿರುವ ಬೇಟಿನ್ ಎಂಬ ಹಳ್ಳಿಯೇ ಹಳೆಯ ಬೇತೇಲ್ ಎಂದು 1838ರಲ್ಲಿ ಎಡ್ವರ್ಡ್ ರಾಬಿನ್ಸನ್ ಗುರುತಿಸಿದರು. ಹೆಚ್ಚಿನ ವಿದ್ವಾಂಸರು ಇದನ್ನು ಒಪ್ಪುತ್ತಾರೆ.

ಆದಕಾರಣ ಪ್ರಾರ್ಥನಾಲಯಕ್ಕೆ ಈ ಹೆಸರಿಡುವಾಗ ನಾವು ಯಾಕೋಬನ ಕನಸನ್ನು ಮಾತ್ರವಲ್ಲ, ಅಮಚ್ಯನ ಗದರಿಕೆಯನ್ನೂ ಬಾಗಿಲ ಮೇಲೆ ಬರೆಯುತ್ತೇವೆ. ಕಬ್ಬಿನ ಹಂಗಾಮಿಗೆ ಬಂದ ಅಪರಿಚಿತ ಕುಟುಂಬವೊಂದು ಭಾನುವಾರ ಹಿಂದಿನ ಸಾಲಿನಲ್ಲಿ ಕುಳಿತಾಗ, ಇವರು ಯಾರ ಕಡೆಯವರು ಎಂದು ನಾವು ತಿರುಗಿ ನೋಡುವ ನೋಟದಲ್ಲಿ ಆ ಎರಡರಲ್ಲಿ ಯಾವುದು ಇದೆಯೆಂದು ತಿಳಿದುಬರುತ್ತದೆ.

ಯೋಹಾನನ ಸುವಾರ್ತೆಯ ಮೊದಲನೆಯ ಅಧ್ಯಾಯದ ಕೊನೆಯಲ್ಲಿ ಯೇಸು ನತಾನಯೇಲನಿಗೆ ಅದೇ ಕನಸನ್ನು ನೆನಪಿಸುತ್ತಾನೆ. ತೆರೆದ ಆಕಾಶವಿದೆ, ಏರಿ ಇಳಿಯುವ ದೂತರಿದ್ದಾರೆ. ಆದರೆ ಅವರು ಏರಿಳಿಯುವುದು ಮನುಷ್ಯಕುಮಾರನ ಮೇಲೆ. ಬೇತೇಲ್ ಎಂಬ ಹೆಸರು ಅಲ್ಲಿ ಬರುವುದೇ ಇಲ್ಲ.