ಊದಲ್ಲ ಅಂದ್ರೆ ಬಿಟ್ಟುಬಿಡ್ತಾರಾ?

ಬೀಗರೂಟ ಮುಗಿಸಿ ಬೈಕ್ ಹತ್ತುವ ಹುಡುಗರಿಗೆ ಬುದ್ಧಿ ಹೇಳುವ ಮಾವ ಒಬ್ಬ ಇದ್ದೇ ಇರುತ್ತಾನೆ. ‘ದಾರೀಲಿ ಪೊಲೀಸ್ರು ಮಿಷನ್ ಹಿಡಿದ್ರೆ ಊದ್ಬೇಡ ಕಣೋ ಅಳಿಯ. ಊದಿದ್ರೆ ತಾನೆ ಸಾಕ್ಷಿ?’ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗ, ಎಲ್ಲಿ ಹೋದರೂ ಇಂಥ ಮಾವಂದಿರಿಗೆ ಬರವಿಲ್ಲ. ಮಾತು ಜಾಣತನದ್ದೇ. ಆದರೆ ಕಾನೂನು ಬರೆದವರು ಮಾವನಿಗಿಂತ ಜಾಣರು.

1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ, 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇಟ್ಟುಕೊಂಡು ಗಾಡಿ ಓಡಿಸಿದರೆ ಅಪರಾಧ. ಮೊದಲ ಸಲ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಜೈಲು ಎರಡು ವರ್ಷದವರೆಗೆ, ದಂಡ 15,000.

ಊದದೆ ನಿಂತರೆ? ಅದಕ್ಕೆ 203ನೇ ಕಲಂ ಇದೆ. ಕುಡಿದಿದ್ದಾನೆಂದು ಅನುಮಾನಿಸಲು ಸಕಾರಣವಿದ್ದರೆ ಸಮವಸ್ತ್ರದಲ್ಲಿರುವ ಪೊಲೀಸರು ‘ಊದು’ ಎನ್ನಬಹುದು. ಒಲ್ಲೆ ಎಂದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಠಾಣೆಯಲ್ಲಿ ಊದಲು ಇನ್ನೊಂದು ಅವಕಾಶ ಕೊಡಲೇಬೇಕು. ಅಲ್ಲೂ ಹಟ ಹಿಡಿದರೆ ವೈದ್ಯರಿಂದ ರಕ್ತದ ಮಾದರಿ ತೆಗೆಸಲು ಕೇಳಬಹುದು. ಹೆಂಗಸರಾಗಿದ್ದು ವೈದ್ಯರು ಗಂಡಸಾದರೆ, ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ಇರಬೇಕು.

ಮಾವನಿಗೆ ಗೊತ್ತಿಲ್ಲದ್ದು 205ನೇ ಕಲಂ. ತಕ್ಕ ಕಾರಣ ತೋರಿಸದೆ ಉಸಿರನ್ನೋ ರಕ್ತವನ್ನೋ ಕೊಡಲು ನಿರಾಕರಿಸಿದರೆ, ಆ ನಿರಾಕರಣೆಯನ್ನೇ ಪೊಲೀಸರ ಸಾಕ್ಷ್ಯಕ್ಕೆ ಬಲ ಕೊಡುವ ಸಂಗತಿ ಎಂದು ನ್ಯಾಯಾಲಯ ಭಾವಿಸಬಹುದು. ಸಾಕ್ಷಿ ಬೇಡವೆಂದು ಬಾಯಿ ಮುಚ್ಚಿದರೆ, ಮುಚ್ಚಿದ ಬಾಯಿಯೇ ಸಾಕ್ಷಿ! ಹಾಗಂತ ಊದದವರೆಲ್ಲ ಕುಡಿದವರು ಎಂದಲ್ಲ. ಉಸಿರಾಟದ ತೊಂದರೆ ಇರುವವರು ಅದನ್ನು ಅಲ್ಲೇ ಹೇಳಿ, ರಕ್ತಪರೀಕ್ಷೆಗೆ ಒಪ್ಪುವುದು ಒಳ್ಳೆಯದು. ಬ್ರಿಟನ್ನಿನ ಕಾಯ್ದೆ ಇನ್ನೂ ಬಿಗಿ. ಅದೂ 1988ರದ್ದೇ. ಅಲ್ಲಿ ಸಕಾರಣವಿಲ್ಲದೆ ಮಾದರಿ ಕೊಡದಿರುವುದೇ ಬೇರೆ ಅಪರಾಧ. ಅಲ್ಲಿರುವ ಮಕ್ಕಳಿಗೆ ಫೋನ್ ಮಾಡುವಾಗ ಇದನ್ನೂ ಹೇಳಿ.

ಏಲಕ್ಕಿ, ಅಡಿಕೆ ಅಗಿದರೆ ಮಿಷನ್‌ಗೆ ಗೊತ್ತಾಗೋದಿಲ್ಲ ಎನ್ನುವವರೂ ಇದ್ದಾರೆ. ಮಕ್ಕಳೇ, ನಿಮ್ಮ ವಿಜ್ಞಾನದ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹೊಟ್ಟೆಗೆ ಹೋದ ಆಲ್ಕೋಹಾಲ್ ರಕ್ತ ಸೇರುತ್ತದೆ. ರಕ್ತ ಶ್ವಾಸಕೋಶಕ್ಕೆ ಬಂದಾಗ ಅದರಲ್ಲಿ ಒಂದಿಷ್ಟು ಆವಿಯಾಗಿ ಉಸಿರಿಗೆ ಬೆರೆಯುತ್ತದೆ. ಸುಮಾರು 2,100 ಮಿ.ಲೀ. ಉಸಿರಿನಲ್ಲಿರುವಷ್ಟೇ ಆಲ್ಕೋಹಾಲ್ 1 ಮಿ.ಲೀ. ರಕ್ತದಲ್ಲಿರುತ್ತದೆ ಎಂಬ ಲೆಕ್ಕದ ಮೇಲೆ ಯಂತ್ರ ಅಂಕಿ ತೋರಿಸುತ್ತದೆ. ಏಲಕ್ಕಿ ಘಮ ಬಾಯಿಯಲ್ಲೇ ಉಳಿಯಿತು, ಉಸಿರು ಬರುವುದು ಎದೆಯೊಳಗಿಂದ.

ಮನೆಯವರು ಗಮನಿಸಬೇಕಾದ ಇನ್ನೊಂದು ವಿಷಯ ವಿಮೆ. 2007ರ ಡಿಸೆಂಬರ್‌ನಲ್ಲಿ ದೆಹಲಿಯ ಇಂಡಿಯಾ ಗೇಟ್ ಬಳಿ ಕಂಪನಿಯೊಂದರ ಪೋರ್ಷೆ ಕಾರು ಉರುಳಿಬಿದ್ದು ಬೆಂಕಿಗೆ ಆಹುತಿಯಾಯಿತು. ಚಾಲಕನ ಉಸಿರಿನ ಪರೀಕ್ಷೆಯೂ ಆಗಿರಲಿಲ್ಲ, ರಕ್ತದ ಪರೀಕ್ಷೆಯೂ ಆಗಿರಲಿಲ್ಲ. ಪರೀಕ್ಷೆಯೇ ಇಲ್ಲದ ಮೇಲೆ ಕುಡಿದಿದ್ದನೆಂದು ಹೇಳುವುದು ಹೇಗೆ ಎಂಬ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2021ರ ಏಪ್ರಿಲ್‌ನಲ್ಲಿ ತೀರ್ಪು ಬಂತು: ಪರೀಕ್ಷೆ ನಡೆಯದಿದ್ದರೂ ವಿಮಾ ಕಂಪನಿ ಬೇರೆ ಸಾಕ್ಷ್ಯಗಳಿಂದ ಅದನ್ನು ತೋರಿಸಿಕೊಡಬಹುದು. ಕಾರಿನ ಹಾನಿಗೆ ಪರಿಹಾರ ಸಿಗಲಿಲ್ಲ.

ಸಾಲ ಮಾಡಿ ಗಾಡಿ ತೆಗೆದ ಮನೆಯಲ್ಲಿ ಹೀಗಾದರೆ, ಗಾಡಿ ಗುಜರಿಗೆ ಹೋದ ಮೇಲೂ ಬ್ಯಾಂಕಿನ ಕಂತು ತಿಂಗಳು ತಿಂಗಳು ಬರುತ್ತಲೇ ಇರುತ್ತದೆ. ಅದನ್ನು ಕಟ್ಟಲು ಬೀಗರೂಟದ ಮಾವ ಬರುವುದಿಲ್ಲ.