ಗಣಕದೊಳಗೊಬ್ಬ ಗೂಢಚಾರ

ಗಣಕಕ್ಕೆ ವೈರಸ್ ತಗುಲಿದರೆ ಅನೇಕ ವೇಳೆ ಅದರ ಸುಳಿವು ಸಿಗುತ್ತದೆ. ಕಡತಗಳು ಹಾಳಾಗುತ್ತವೆ, ಯಂತ್ರ ಪದೇ ಪದೇ ಸ್ತಬ್ಧವಾಗುತ್ತದೆ. ಸ್ಪೈವೇರ್‌ನ ಸ್ವಭಾವವೇ ಬೇರೆ. ತಾನು ಇರುವುದು ಯಾರಿಗೂ ತಿಳಿಯದಿದ್ದಷ್ಟೂ ಅದಕ್ಕೆ ಲಾಭ. ಬಳಕೆದಾರರ ಅರಿವಿಗೆ ಬಾರದಂತೆ ಗಣಕದಲ್ಲಿ ನೆಲೆಸಿ, ಮಾಹಿತಿಯನ್ನು ಕಲೆಹಾಕಿ, ಅಂತರಜಾಲದ ಮೂಲಕ ಬೇರೊಬ್ಬರಿಗೆ ರವಾನಿಸುವ ತಂತ್ರಾಂಶಕ್ಕೆ ಈ ಹೆಸರು. ಇಂದು ಒಬ್ಬ ಶಿಕ್ಷಕರ ಮನೆಯ ಗಣಕದಲ್ಲಿ ಬ್ಯಾಂಕ್ ಖಾತೆಯ ವ್ಯವಹಾರವಿದೆ, ವಿದ್ಯಾರ್ಥಿಗಳ ಅಂಕಪಟ್ಟಿಯಿದೆ, ಮನೆಮಂದಿಯ ಗುರುತಿನ ಚೀಟಿಗಳ ಪ್ರತಿಗಳಿವೆ. ಆದ್ದರಿಂದ ನಷ್ಟವಾದರೆ ಅದು ಒಬ್ಬರಿಗೇ ಆಗುವುದಿಲ್ಲ.

ಕದಿಯುವುದು ಹೇಗೆ?

ಕೀಲಿಮಣೆಯಲ್ಲಿ ಒಂದು ಅಕ್ಷರವನ್ನು ಒತ್ತಿದಾಗ ಅದರ ಸಂಕೇತ ಮೊದಲು ಕಾರ್ಯಾಚರಣ ವ್ಯವಸ್ಥೆಯನ್ನು ತಲಪುತ್ತದೆ, ಅಲ್ಲಿಂದ ಬ್ರೌಸರ್‌ಗೆ ಹೋಗುತ್ತದೆ. ಬ್ರೌಸರ್ ಅದನ್ನು ಗೂಢಲಿಪಿಗೆ ಬದಲಾಯಿಸಿ ಬ್ಯಾಂಕಿನ ಜಾಲತಾಣಕ್ಕೆ ಕಳುಹಿಸುತ್ತದೆ. ಸುರಕ್ಷಿತ ಸಂಪರ್ಕವು ಕಾಪಾಡುವುದು ಈ ಕೊನೆಯ ಹಂತವನ್ನು ಮಾತ್ರ. ಕೀಲಾಗರ್ ಎಂಬ ಸ್ಪೈವೇರ್ ಗೂಢಲಿಪಿಯಾಗುವ ಮೊದಲೇ, ಗಣಕದ ಒಳಗೇ, ಅಕ್ಷರಗಳನ್ನು ದಾಖಲಿಸಿಕೊಳ್ಳುತ್ತದೆ. ಲಕೋಟೆಗೆ ಎಷ್ಟು ಭದ್ರವಾಗಿ ಅರಗು ಹಾಕಿದರೇನು, ಪತ್ರ ಬರೆಯುವಾಗಲೇ ಹಿಂದೆ ನಿಂತು ಓದುವವನಿದ್ದರೆ?

ಇತ್ತೀಚಿನ ಮಾಹಿತಿಚೋರ ತಂತ್ರಾಂಶಗಳು ಇಷ್ಟು ಹೊತ್ತು ಕಾಯುವುದೂ ಇಲ್ಲ. ಬ್ರೌಸರ್ ನೆನಪಿಟ್ಟುಕೊಂಡಿರುವ ಪಾಸ್‌ವರ್ಡ್‌ಗಳನ್ನು ಮತ್ತು ಕುಕಿಗಳನ್ನು ಕ್ಷಣಗಳಲ್ಲಿ ದೋಚುತ್ತವೆ. ನಾವು ಒಮ್ಮೆ ಪ್ರವೇಶಿಸಿದ ತಾಣ ಮತ್ತೆ ಪಾಸ್‌ವರ್ಡ್ ಕೇಳದಿರಲು ಕಾರಣ ಕುಕಿ. ಅದು ಕಳ್ಳನ ಕೈಸೇರಿದರೆ ಎಷ್ಟೋ ತಾಣಗಳು ಆತನನ್ನೂ ಪಾಸ್‌ವರ್ಡ್, ಒಟಿಪಿ ಕೇಳದೆ ಒಳಗೆ ಬಿಡುತ್ತವೆ. ಲುಮ್ಮಾ ಎಂಬ ಇಂತಹ ತಂತ್ರಾಂಶದ ಜಾಲವನ್ನು 2025ರ ಮೇ ತಿಂಗಳಲ್ಲಿ ಮುರಿಯಲಾಯಿತು. ಅದಕ್ಕೆ ಮುಂಚಿನ ಎರಡೇ ತಿಂಗಳಲ್ಲಿ ಸುಮಾರು 3,94,000 ಗಣಕಗಳಲ್ಲಿ ಅದು ಕಂಡುಬಂದಿತ್ತೆಂದು ಮೈಕ್ರೋಸಾಫ್ಟ್ ತಿಳಿಸಿತು.

ಒಳಬರುವ ದಾರಿಗಳು

ಸ್ಪೈವೇರ್ ಬಹುಪಾಲು ಬರುವುದು ನಮ್ಮ ಕೈಯಿಂದಲೇ ಬಾಗಿಲು ತೆರೆಸಿ. ಉಚಿತ ತಂತ್ರಾಂಶದ ಜೊತೆಗೆ, ದುಬಾರಿ ತಂತ್ರಾಂಶದ 'ಕ್ರ್ಯಾಕ್' ಪ್ರತಿಯೊಳಗೆ, ಮಿಂಚಂಚೆಯ ಲಗತ್ತಿನಲ್ಲಿ ಅದು ಬರಬಹುದು. ಹೆಸರಾಂತ ಸಂಸ್ಥೆಯ ಸರಕೆಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. 2005ರಲ್ಲಿ ಸೋನಿ ಬಿಎಂಜಿಯ ಕೆಲವು ಸಂಗೀತದ ಸಿ.ಡಿ.ಗಳು ನಕಲು ತಡೆಯುವ ನೆಪದಲ್ಲಿ ಗಣಕದೊಳಗೆ ಒಂದು ತಂತ್ರಾಂಶವನ್ನು ಅಡಗಿಸಿಡುತ್ತಿದ್ದುದನ್ನು ಮಾರ್ಕ್ ರುಸಿನೋವಿಚ್ ಎಂಬ ತಜ್ಞರು ಪತ್ತೆಹಚ್ಚಿದರು. ನಿರ್ದಿಷ್ಟ ಅಕ್ಷರಗಳಿಂದ ಹೆಸರು ಆರಂಭವಾಗುವ ಯಾವ ಕಡತವನ್ನಾದರೂ ಅದು ಮರೆಮಾಡುತ್ತಿತ್ತು. ಇದೇ ಮರೆಯನ್ನು ಬೇರೆ ಕುತಂತ್ರಾಂಶಗಳೂ ಬಳಸಿಕೊಂಡವು. ಕೊನೆಗೆ ಸಂಸ್ಥೆ ಆ ಸಿ.ಡಿ.ಗಳನ್ನು ಮಾರುಕಟ್ಟೆಯಿಂದ ಹಿಂಪಡೆಯಬೇಕಾಯಿತು.

ಈಗಿನ ಒಂದು ಉಪಾಯ ಇನ್ನೂ ಸರಳ. 'ನೀವು ಮನುಷ್ಯರೆಂದು ಸಾಬೀತುಪಡಿಸಿ' ಎಂಬ ನಕಲಿ ಪುಟವೊಂದು, ವಿಂಡೋಸ್ ಕೀಲಿಯೊಡನೆ 'ಆರ್' ಒತ್ತಿ, ನಂತರ ಕಂಟ್ರೋಲ್ ಮತ್ತು 'ವಿ' ಒತ್ತಿ, ಎಂಟರ್ ಮಾಡಿ ಎನ್ನುತ್ತದೆ. ಹಾಗೆ ಮಾಡಿದರೆ, ಪುಟವು ಮೊದಲೇ ನಕಲಿಸಿಟ್ಟಿದ್ದ ಆದೇಶವನ್ನು ನಾವೇ ಗಣಕಕ್ಕೆ ಕೊಟ್ಟಂತೆ. ನಿಜವಾದ ಯಾವ ಪರೀಕ್ಷೆಯೂ ಹೀಗೆ ಕೇಳುವುದಿಲ್ಲ.

ರಕ್ಷಣೆಯ ಕ್ರಮಗಳು

1. ಕಾರ್ಯಾಚರಣ ವ್ಯವಸ್ಥೆ ಮತ್ತು ಬ್ರೌಸರ್‌ಗಳನ್ನು ಕಾಲಕಾಲಕ್ಕೆ ಪರಿಷ್ಕರಿಸಿ. ಪ್ರತಿ ಪರಿಷ್ಕರಣೆಯೂ ತಿಳಿದುಬಂದ ಕೆಲವು ಕಿಂಡಿಗಳನ್ನು ಮುಚ್ಚುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ ಎಂಬುದು ನೆನಪಿರಲಿ.

2. ದಿನಬಳಕೆಗೆ ಆಡಳಿತಾಧಿಕಾರವಿಲ್ಲದ ಸಾಮಾನ್ಯ ಖಾತೆಯನ್ನು ಬಳಸಿ. ಮಕ್ಕಳಿಗೆ ಪ್ರತ್ಯೇಕ ಖಾತೆ ಕೊಡಿ. ಆಗ ಒಂದು ಖಾತೆಗೆ ಬಂದ ಸ್ಪೈವೇರ್ ಇಡೀ ಯಂತ್ರವನ್ನು ವಶಪಡಿಸಿಕೊಳ್ಳುವುದು ಕಷ್ಟ.

3. ವಿಂಡೋಸ್‌ನೊಡನೆ ಬರುವ ಡಿಫೆಂಡರ್ ಮನೆಬಳಕೆಗೆ ಸಾಕಷ್ಟು ಉತ್ತಮ ಕಾವಲುಗಾರ. ಅದನ್ನು ನಿಷ್ಕ್ರಿಯಗೊಳಿಸಬೇಡಿ. 'ನಿಮ್ಮ ಗಣಕದಲ್ಲಿ ಸ್ಪೈವೇರ್ ಇದೆ, ಇಲ್ಲಿ ಒತ್ತಿ' ಎಂದು ಹೆದರಿಸುವ ಜಾಹೀರಾತನ್ನು ನಂಬಬೇಡಿ. ಅದೇ ಸ್ಪೈವೇರ್ ಆಗಿರಬಹುದು.

4. ತಂತ್ರಾಂಶವನ್ನು ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. ದುಬಾರಿ ತಂತ್ರಾಂಶದ ಕಳ್ಳಪ್ರತಿಯ ಬದಲು ಲಿಬ್ರೆಆಫೀಸ್‌ನಂತಹ ಮುಕ್ತ ತಂತ್ರಾಂಶವನ್ನು ಬಳಸಿ. ಅಳವಡಿಸುವಾಗ ಪ್ರತಿ ಪರದೆಯನ್ನೂ ಓದಿ, ಬೇಡದ ಆಯ್ಕೆಗಳ ಗುರುತನ್ನು ತೆಗೆಯಿರಿ.

5. ಬ್ರೌಸರ್‌ನಲ್ಲಿರುವ ಎಕ್ಸ್‌ಟೆನ್ಷನ್‌ಗಳನ್ನು ಆಗಾಗ ಪರಿಶೀಲಿಸಿ, ಅನಗತ್ಯವಾದುವನ್ನು ಕಿತ್ತುಹಾಕಿ. ಹಲವು ಎಕ್ಸ್‌ಟೆನ್ಷನ್‌ಗಳಿಗೆ ನಾವು ನೋಡುವ ಪುಟಗಳನ್ನೆಲ್ಲ ಓದುವ ಅನುಮತಿ ಇರುತ್ತದೆ.

ಅನುಮಾನ ಬಂದಾಗ

ಮುಖಪುಟ ತಾನಾಗಿ ಬದಲಾದರೆ, ಕಾರಣವಿಲ್ಲದೆ ಜಾಹೀರಾತುಗಳು ಪುಟಿದರೆ, ನೀವು ಮಾಡದ ಲಾಗಿನ್ ಬಗ್ಗೆ ಸಂದೇಶ ಬಂದರೆ ಎಚ್ಚರಗೊಳ್ಳಿ. ಮೊದಲು ಅಂತರಜಾಲ ಸಂಪರ್ಕವನ್ನು ಕಡಿಯಿರಿ. ಆಗ ರವಾನೆ ನಿಲ್ಲುತ್ತದೆ. ಪಾಸ್‌ವರ್ಡ್‌ಗಳನ್ನು ಸೋಂಕಿಲ್ಲದ ಬೇರೊಂದು ಸಾಧನದಿಂದ ಬದಲಾಯಿಸಿ. ಅದೇ ಗಣಕದಲ್ಲಿ ಬದಲಾಯಿಸಿದರೆ ಹೊಸದೂ ಕಳ್ಳನಿಗೆ ಸಿಗುತ್ತದೆ. 'ಎಲ್ಲ ಸಾಧನಗಳಿಂದ ನಿರ್ಗಮಿಸಿ' ಎಂಬ ಸೌಲಭ್ಯವಿದ್ದಲ್ಲಿ ಅದನ್ನೂ ಬಳಸಿ, ಕದ್ದ ಕುಕಿಗಳು ನಿರುಪಯುಕ್ತವಾಗುತ್ತವೆ. ಅನಂತರ ಡಿಫೆಂಡರ್‌ನ ಆಫ್‌ಲೈನ್ ತಪಾಸಣೆ ನಡೆಸಿ. ಅದು ವಿಂಡೋಸ್ ಪೂರ್ಣವಾಗಿ ಎಚ್ಚರಗೊಳ್ಳುವ ಮೊದಲೇ ಹುಡುಕುವುದರಿಂದ ಸ್ಪೈವೇರ್‌ಗೆ ಅಡಗಲು ಅವಕಾಶ ಕಡಿಮೆ. ಆದರೂ ಸಂದೇಹ ಉಳಿದರೆ ಮುಖ್ಯ ದಾಖಲೆಗಳ ಪ್ರತಿ ತೆಗೆದಿಟ್ಟು ವಿಂಡೋಸನ್ನು ಹೊಸದಾಗಿ ಸ್ಥಾಪಿಸುವುದೇ ಮೇಲು. ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಿ.

ಶಾಲೆಯ ಗಣಕ ತರಗತಿಯಲ್ಲಿ ಒಂದು ಅವಧಿಯನ್ನು ಇದಕ್ಕೆ ಮೀಸಲಿಡಬಹುದು. ಅಳವಡಿಕೆಯ ಪರದೆಯೊಂದನ್ನು ತೋರಿಸಿ, 'ಇಲ್ಲಿ ನಾವು ಯಾವುದಕ್ಕೆ ಒಪ್ಪಿಗೆ ಕೊಡುತ್ತಿದ್ದೇವೆ?' ಎಂದು ಮಕ್ಕಳನ್ನು ಕೇಳಿ. ಓದದೆ 'ಸರಿ' ಒತ್ತುವ ಅಭ್ಯಾಸ ಅಲ್ಲಿ ತಪ್ಪಿದರೆ ಹಲವು ಮನೆಗಳ ಗಣಕಗಳು ಸುರಕ್ಷಿತವಾಗುತ್ತವೆ.